ಬೂದಿಯಲ್ಲಿ ಸಿಗದ ಕರಿ ಮೂಳೆ

ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲ.

ಇನ್‌ಸ್ಪೆಕ್ಟರ್ ವನ್‌ಪೆನ್ ಇನ್ನೊಂದು ಸಲ ಅದನ್ನು ಬೂದಿಯ ಮೇಲೆ ಆಡಿಸಿದಳು. ತಲೆಯಿದ್ದ ಕಡೆಯಿಂದ ಕಾಲಿದ್ದ ಕಡೆಗೆ, ಅಲ್ಲಿಂದ ವಾಪಸು ತಲೆಯ ಕಡೆಗೆ. ಪೊಲೀಸ್ ಗ್ಯಾರೇಜಿನಿಂದ ಎತ್ತಿಕೊಂಡು ಬಂದ ಅಂಗೈಯಗಲದ ಅಯಸ್ಕಾಂತ ಅದು. ಚೆಲ್ಲಿದ ಸ್ಕ್ರೂಗಳನ್ನು ಗೇಣು ದೂರದಿಂದಲೇ ಎಳೆದುಕೊಳ್ಳುತ್ತಿತ್ತು. ಈಗ ಮಾತ್ರ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುತ್ತಿತ್ತು.

ಸಿಮೆಂಟ್ ನೆಲಕ್ಕೆ ಮಂಡಿಯೂರಿ ಕೂತು ಅವಳ ಕಾಲು ಜೋಮು ಹಿಡಿದಿತ್ತು. ಹಿಂದೆ ಖಾಮ್‌ಪುನ್‌ಳ ಕಡೆಯವರು ಬಿಳಿ ಬಟ್ಟೆ, ಮಲ್ಲಿಗೆ, ಸುಗಂಧದ ನೀರು ಹಿಡಿದು ನಿಂತಿದ್ದರು. ಅವರು ಬಂದದ್ದು ಮೂಳೆ ಆಯ್ದು, ಮನುಷ್ಯಾಕಾರಕ್ಕೆ ಜೋಡಿಸಿ, ಭಿಕ್ಷುಗಳಿಂದ ಮಂತ್ರ ಹೇಳಿಸಿ, ಮಡಕೆಗೆ ತುಂಬಿಕೊಂಡು ಹೋಗುವುದಕ್ಕೆ. ಪೊಲೀಸಿನವಳೊಬ್ಬಳು ತಮ್ಮ ಮನೆಯ ಹೆಂಗಸಿನ ಬೂದಿಯನ್ನು ಜಾಲಾಡುವುದನ್ನು ನೋಡುವುದಕ್ಕಲ್ಲ. ಗೊಣಗಾಟ ಶುರುವಾಗಿ ಆಗಲೇ ಹೊತ್ತಾಗಿತ್ತು.

"ಇಲ್ವಾ ಮೇಡಂ?" ಎಂದ ಬುನ್‌ತಾನ್. ಖಾಮ್‌ಪುನ್‌ಳ ಗಂಡ. ದೂರು ಕೊಟ್ಟವನೂ ಅವನೇ.

"ಇಲ್ಲ."

"ನಾನು ಅವತ್ತೇ ಹೇಳ್ಲಿಲ್ವಾ? ಅವಳ ಕಾಲಿಗೆ ಆ ಡಾಕ್ಟ್ರು ಅಸಲಿದು ಹಾಕಿಲ್ಲ ಅಂತ."

"ಎಕ್ಸ್‌ರೇಲಿ ಏನೋ ಕಾಣ್ತಿತ್ತಲ್ಲ ಬುನ್‌ತಾನ್."

"ಏನೋ ಹಾಕಿದ್ರು. ಕರಿ ಮೂಳೆ ಹಾಕ್ಲಿಲ್ಲ. ಉಳಿದ ರೋಗಿಗಳೆಲ್ಲ ಯಂತ್ರಕ್ಕೆ ಕಾಲಿಟ್ರೆ ಒಳಗೆ ಒಲೆ ಹಚ್ಚಿದ ಹಾಗಾಗತ್ತೆ ಅಂತಿದ್ರು. ಇವಳಿಗೆ ಉಗುರು ಬೆಚ್ಚಗೂ ಆಗ್ತಿರ್ಲಿಲ್ಲ. ಬಾಯಿಬಿಟ್ಟು ಹೇಳಿದ್ರೆ, 'ಅಭ್ಯಾಸ ಆಗತ್ತೆ ಬಿಡಮ್ಮ' ಅಂದ್ರು."

ವನ್‌ಪೆನ್ ಎದ್ದು ನಿಂತು ಮನೆಯವರಿಗೆ ಕೈ ಮುಗಿದಳು. ಹೆಂಗಸರು ಅವಳನ್ನು ಸರಿಸಿಕೊಂಡೇ ಮುಂದೆ ಬಂದರು. ಚಿತಾಗಾರ ನೋಡಿಕೊಳ್ಳುವ ಮುದುಕ ನೋಯ್ ಪನ್ ದೂರದಲ್ಲಿ ಅಂಗಳ ಗುಡಿಸುತ್ತಿದ್ದ. ತಲೆ ಎತ್ತಿ ಇತ್ತ ನೋಡಲೇ ಇಲ್ಲ.

ಕರಿ ಮೂಳೆ ಎನ್ನುವುದು ದಾದಿಯರು ಇಟ್ಟ ಹೆಸರು. ಕೋಳಿ ಚಿತ್ರದ ಬಟ್ಟಲು ಸುಡುವ ಈ ಲಂಪಾಂಗ್ ಊರಿನಲ್ಲೇ, ಅಂಥದ್ದೇ ಗೂಡಿನಲ್ಲಿ ಸುಟ್ಟ ಹೆಬ್ಬೆರಳುದ್ದದ ಕಪ್ಪು ಪಿಂಗಾಣಿ ತುಂಡು. ಮೈತುಂಬ ಸಣ್ಣ ತೂತು, ಒಳಗೆ ಕಬ್ಬಿಣದ ಅಂಶ. ಕ್ಯಾನ್ಸರ್ ತಿಂದ ಮೂಳೆಯನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಇದನ್ನು ಕೂರಿಸುತ್ತಾರೆ. ಗಾಯ ಮಾಗಿದ ಮೇಲೆ ಕಾಲನ್ನು ಸುರುಳಿ ಸುತ್ತಿದ ಯಂತ್ರದೊಳಗೆ ಇಟ್ಟರೆ ತುಂಡು ತಾನಾಗಿಯೇ ಬಿಸಿಯಾಗಿ, ಅಳಿದುಳಿದ ಕ್ಯಾನ್ಸರನ್ನು ಸುಡುತ್ತದೆ. ಬರಬರುತ್ತ ಅದರ ತೂತುಗಳೊಳಗೆ ರೋಗಿಯದೇ ಮೂಳೆ ಬೆಳೆದು ಎರಡೂ ಒಂದಾಗುತ್ತವೆ. ಹಾಗೆ ಗುಣವಾದವರನ್ನು ವನ್‌ಪೆನ್ ಕಣ್ಣಾರೆ ಕಂಡಿದ್ದಳು, ಅವರು ಸಂತೆಯಲ್ಲಿ ಓಡಾಡುತ್ತಿದ್ದರು.

ಖಾಮ್‌ಪುನ್‌ಳಿಗೆ ಮಾತ್ರ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಹುಟ್ಟಿ, ಶ್ವಾಸಕೋಶಕ್ಕೆ ಏರಿ, ಕೊನೆಗೆ ಈ ಬೂದಿಯಾಗಿತ್ತು.

ಇದು ಬರೀ ಕೇಸಾಗಿದ್ದರೆ ವನ್‌ಪೆನ್ ಇಷ್ಟು ಸಿಡಿಮಿಡಿಗೊಳ್ಳುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ್ ಪಾಸಕೊನ್, ಅದೇ ಕರಿ ಮೂಳೆಯನ್ನು ಅವಳ ಅಕ್ಕನ ಮಗಳು ಚೊಂಪುವಿನ ಕಾಲಿಗೆ ಕೂರಿಸುವವರಿದ್ದರು. ಚೊಂಪುವಿಗೆ ಹದಿನಾರು. ಬೆತ್ತದ ಚೆಂಡನ್ನು ಕಾಲಲ್ಲೇ ಒದ್ದು ನೆಟ್ ದಾಟಿಸುವ ಆಟದಲ್ಲಿ ಶಾಲೆಗೆ ಕಪ್ ತಂದವಳು. ತುಂಡು ಅಸಲಿಯಾದರೆ ಹುಡುಗಿ ಮತ್ತೆ ಆಡುತ್ತಾಳೆ. ನಕಲಿಯಾದರೆ ಏನಾಗುತ್ತದೆ ಎನ್ನುವುದನ್ನು ಆ ಹೆಂಗಸರು ಈಗ ಬಿಳಿ ಬಟ್ಟೆಯ ಮೇಲೆ ಜೋಡಿಸುತ್ತಿದ್ದರು.

ವನ್‌ಪೆನ್ ಗೇಟಿನ ಹೊರಗೆ ಬಂದು ಅಕ್ಕ ಸೈಬುವಾಗೆ ಫೋನ್ ಹಚ್ಚಿದಳು.

"ಅಕ್ಕ, ನಾಳೆ ಆಪರೇಷನ್ ಬೇಡ. ಸ್ವಲ್ಪ ಮುಂದಕ್ಕೆ ಹಾಕ್ಸು."

"ಯಾಕಂತೆ?"

"ಖಾಮ್‌ಪುನ್ ಬೂದಿಲಿ ಕರಿ ಮೂಳೆ ಸಿಗ್ಲಿಲ್ಲ. ಅವಳಿಗೆ ಹಾಕಿದ್ದು ಬೇರೆ ಏನೋ."

"ಅದಕ್ಕೆ ನನ್ನ ಮಗಳು ಯಾಕೆ ಕಾಯ್ಬೇಕು?"

"ಇವಳಿಗೂ ಹಾಗೇ ಆದ್ರೆ?"

"ಪೆನ್, ಗಡ್ಡೆ ಮಂಡಿಗೆ ಒಂದು ಬೆರಳಗಲ ದೂರದಲ್ಲಿದೆ. ಮಂಡಿ ದಾಟಿದ್ರೆ ಕಾಲೇ ತೆಗೀಬೇಕು ಅಂತ ಡಾಕ್ಟ್ರು ಹೇಳಿದಾಗ ನೀನೂ ಪಕ್ಕದಲ್ಲೇ ಕೂತಿದ್ದೆ."

"ಸುಳ್ಳು ತುಂಡು ಹಾಕಿದ್ರೆ ಕಾಲಲ್ಲ ಅಕ್ಕ, ಹುಡುಗಿನೇ ಉಳಿಯಲ್ಲ."

"ಮಳೆಗಾಲದಿಂದ ಹುಡುಕ್ತಿದ್ದೀಯ. ಏನು ಪತ್ತೆ ಮಾಡ್ದೆ? ಒಂದಾದ್ರೂ ಹೇಳು, ಕೇಳ್ತೀನಿ."

ಅಕ್ಕ ಫೋನ್ ಇಟ್ಟಳು.

ವನ್‌ಪೆನ್‌ಗೆ ಅಯಸ್ಕಾಂತವನ್ನು ಚರಂಡಿಗೆ ಎಸೆದುಬಿಡೋಣ ಅನ್ನಿಸಿತು. ಸರ್ಕಾರದ್ದು ಎಂದು ನೆನಪಾಗಿ ಡಿಕ್ಕಿಗೆ ಹಾಕಿದಳು.

* * *

ಕರಿ ಮೂಳೆಯನ್ನು ಕಂಡುಹಿಡಿದ ಆಚಾನ್ ಲಮ್‌ದುವನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ, ಬದುಕುವುದು ಮಾತ್ರ ಊರ ಹೊರಗಿನ ಹಳೇ ಬಟ್ಟಲು ಕಾರ್ಖಾನೆಯಲ್ಲಿ. ಅವರ ಅಪ್ಪ ಗೂಡು ಹಾಕುತ್ತಿದ್ದ ಜಾಗ. ಒಂದು ಮೂಲೆಯಲ್ಲಿ ಪ್ರಯೋಗಾಲಯ, ಉಳಿದ ಕಡೆಯೆಲ್ಲ ಇನ್ನೂ ಕೋಳಿ ಬಟ್ಟಲುಗಳ ರಾಶಿ. ಆಚಾನ್ ಎಂದರೆ ಗುರು. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ.

ವನ್‌ಪೆನ್ ಹೇಳದೆ ಕೇಳದೆ ಒಳಗೆ ನುಗ್ಗಿದಾಗ ಅವರು ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಯಾವತ್ತೂ ಟೀ ಕುಡಿಸದೆ ಮಾತಿಗೇ ಇಳಿಯದ ಹೆಂಗಸು ಇವತ್ತು ಕುರ್ಚಿ ಕೂಡ ತೋರಿಸಲಿಲ್ಲ.

"ಬೂದಿಲಿ ಇರ್ಲಿಲ್ಲ ಆಚಾನ್."

"ಹೌದಾ," ಎಂದರು ಅವರು.

"ಒಂದು ಮಾತು ಹೇಳಿ. ಹೆಣ ಸುಡೋ ಬೆಂಕಿಗೆ ಅದರ ಅಯಸ್ಕಾಂತದ ಗುಣ ಹೋಗಿಬಿಡತ್ತಾ? ಬೂದಿಲಿದ್ದೂ ನನಗೆ ಸಿಗದೆ ಹೋಯ್ತಾ?"

ಆಚಾನ್ ಕಪಾಟಿನಿಂದ ಒಂದು ಒಡಕು ತುಂಡು ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಸಣ್ಣ ಅಯಸ್ಕಾಂತ ಹಿಡಿದ ಕೂಡಲೇ ತುಂಡು ಟಕ್ಕನೆ ಹೋಗಿ ಕೂತಿತು.

"ಇದು ಎಷ್ಟು ಸಲ ಗೂಡಿಗೆ ಹೋಗಿ ಬಂದಿದೆಯೋ ನನಗೇ ಮರೆತು ಹೋಗಿದೆ. ನಿಮ್ಮ ಚಿತಾಗಾರದ ಬೆಂಕಿ ಇದಕ್ಕೆ ಬಿಸಿಲು ಕಾಯಿಸಿದ ಹಾಗೆ."

"ಹಾಗಾದ್ರೆ ಬೂದಿಲಿ ಇರಲೇಬೇಕಿತ್ತು."

"ಹಾಕಿದ್ರೆ ಇರಲೇಬೇಕಿತ್ತು."

"ಅಂದ್ರೆ ಹಾಕಿಲ್ಲ."

"ಸುಟ್ಟು ಕೊಡೋದು ನಾನು. ಕೂರಿಸೋದು ಪಾಸಕೊನ್. ಅವರನ್ನ ಕೇಳಿ."

ಇಷ್ಟು ದಿನ ಪಾಸಕೊನ್‌ರ ಮೇಲೆ ಒಂದು ಸಣ್ಣ ಮಾತು ಬಂದರೂ ಕೆರಳುತ್ತಿದ್ದ ಹೆಂಗಸು ಇವತ್ತು ಅವರನ್ನು ಎಲೆಯ ಮೇಲೆ ಬಡಿಸಿದಂತೆ ಎತ್ತಿ ಕೊಟ್ಟರು. ಬೇರೆ ದಿನವಾಗಿದ್ದರೆ ವನ್‌ಪೆನ್ ಅಲ್ಲೇ ಹಿಡಿಯುತ್ತಿದ್ದಳು. ಇವತ್ತು ಅವಳ ತಲೆ ಕಾದಿತ್ತು, ಹೊಟ್ಟೆ ಖಾಲಿಯಿತ್ತು, ಅಕ್ಕನ ಮಾತು ಕಿವಿಯಲ್ಲೇ ಕೂತಿತ್ತು. ಅವಳು ಡಾಕ್ಟರನ್ನು ಬಯ್ಯುತ್ತಲೇ ಹೊರಗೆ ಬಂದಳು.

ಅಂಗಳದಲ್ಲಿ ಒಬ್ಬ ಹೆಂಗಸು ಬಟ್ಟಲು ತುಂಬುವ ಹಳೇ ಮರದ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದಳು. ಒಂದೊಂದೇ ಮೊಳೆ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು. ಟಣ್. ಟಣ್.

ವನ್‌ಪೆನ್ ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತಳು.

ಖಾಮ್‌ಪುನ್‌ಳನ್ನು ಸುಟ್ಟದ್ದು ಪೆಟ್ಟಿಗೆಯ ಸಮೇತ. ಪೆಟ್ಟಿಗೆಗೆ ಮೊಳೆ ಹೊಡೆದದ್ದನ್ನು ಅವಳೇ ನೋಡಿದ್ದಳು, ಬುನ್‌ತಾನ್ ಆಗ ಗೋಡೆಗೆ ಮುಖ ತಿರುಗಿಸಿ ನಿಂತಿದ್ದ. ಮರ ಸುಡುತ್ತದೆ, ಮೊಳೆ ಸುಡುವುದಿಲ್ಲ. ಬೂದಿಯಲ್ಲಿ ಹಿಡಿ ತುಂಬ ಮೊಳೆ ಇರಬೇಕಿತ್ತು.

ಅವಳ ಅಯಸ್ಕಾಂತಕ್ಕೆ ಒಂದೇ ಒಂದು ಮೊಳೆಯೂ ಅಂಟಿರಲಿಲ್ಲ.

ಕರಿ ಮೂಳೆ ಇಲ್ಲ ಎಂದು ಅಷ್ಟು ಹೊತ್ತು ಒದ್ದಾಡಿದವಳಿಗೆ ಮೊಳೆಯೂ ಇಲ್ಲ ಎನ್ನುವುದು ಹೊಳೆದಿರಲಿಲ್ಲ. ತನಗಿಂತ ಮೊದಲೇ ಯಾರೋ ಆ ಬೂದಿಯ ಮೇಲೆ ಅಯಸ್ಕಾಂತ ಆಡಿಸಿದ್ದಾರೆ. ಇಷ್ಟು ವರ್ಷದ ಪೊಲೀಸ್ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಅವಳು ತನ್ನನ್ನೇ ಶಪಿಸಿಕೊಂಡು ಗಾಡಿ ತಿರುಗಿಸಿದಳು.

* * *

ನೋಯ್ ಪನ್ ಹುಣಸೆ ಮರದ ಕೆಳಗೆ ಕೂತು ಅಂಟನ್ನವನ್ನು ಉಂಡೆ ಕಟ್ಟಿ ಮೆಣಸಿನ ಚಟ್ನಿಗೆ ಅದ್ದುತ್ತಿದ್ದ. ಚಿಕ್ಕಂದಿನಲ್ಲಿ ಮರಿ ಭಿಕ್ಷುವಾಗಿ ಕಾವಿ ಉಟ್ಟವನಾದ್ದರಿಂದ ಹೆಸರಿನ ಮೊದಲಿಗೆ ನೋಯ್ ಅಂಟಿಕೊಂಡಿತ್ತು. ಊರಿನ ಅರ್ಧ ಜನರನ್ನು ಕಳಿಸಿಕೊಟ್ಟ ಕೈ ಅದು.

"ಪನ್ ಮಾಮ, ಬೂದಿಯಿಂದ ಮೊಳೆ ತೆಗೆದ್ರಾ?"

"ತೆಗೀದೆ ಬಿಡ್ತೀನಾ ತಾಯಿ? ಮೂಳೆ ಆಯೋರ ಕೈಗೆ ಚುಚ್ಚತ್ತೆ. ಅಳ್ತಿರೋರಿಗೆ ಎಲ್ಲಿ ಕಾಣ್ಬೇಕು ಮೊಳೆ?"

"ಹೇಗೆ ತೆಗೀತೀರಿ?"

"ದೇವಸ್ಥಾನದ ಹಳೇ ಸ್ಪೀಕರಿಂದು ಅಯಸ್ಕಾಂತ ಇದೆ. ಜನ ಬರೋ ಮುಂಚೆ ಒಂದು ಸಲ ಆಡಿಸ್ಬಿಡ್ತೀನಿ."

"ನಾನು ಬೆಳಿಗ್ಗೆ ನಿಮ್ಮ ಕಣ್ಣೆದುರಿಗೇ ಮಂಡಿ ಊರಿ ಹುಡುಕ್ತಿದ್ನಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀವು ಕೇಳ್ಲಿಲ್ಲ."

ವನ್‌ಪೆನ್ ಒಂದು ಸಲ ಉಸಿರು ಎಳೆದುಕೊಂಡಳು. ಮುದುಕನ ಮೇಲೆ ಕೂಗಾಡಿದರೆ ಅವನು ಊಟ ಮುಗಿಸಿ ಮಲಗಿಬಿಡುತ್ತಾನೆ, ಅಷ್ಟೆ.

"ಮೊಳೆ ಎಲ್ಲಿವೆ?"

"ಕಮ್ಮಾರ ಒಯ್ದ. ಹೆಣದ ಪೆಟ್ಟಿಗೆ ಮೊಳೆ ಅಂದ್ರೆ ಮಂತ್ರದ ಚಾಕು ಮಾಡೋಕೆ ಅವನಿಗೆ ಪ್ರಾಣ."

"ಮೊಳೆ ಜೊತೆ ಕಪ್ಪು ತುಂಡು ಒಂದು ಅಂಟ್ಕೊಂಡು ಬಂತಾ? ಹೆಬ್ಬೆರಳುದ್ದ?"

ಪನ್ ಮಾಮನ ಕೈ ಅನ್ನದ ಬುಟ್ಟಿಯಲ್ಲೇ ನಿಂತಿತು. ಅವನು ಮುಚ್ಚಳ ಮುಚ್ಚಿ, ಕೈ ತೊಳೆದು, ಪಂಚೆಗೆ ಒರೆಸಿಕೊಂಡ. ಎಲ್ಲವೂ ನಿಧಾನ.

"ಅದರ ಮಾತು ಬೇಡ ತಾಯಿ."

"ಯಾಕೆ ಬೇಡ?"

"ಬೆಂಕಿಲಿ ಬೇಯದ್ದು, ಕಬ್ಬಿಣಕ್ಕೆ ಹಾರೋದು, ಮನುಷ್ಯನ ಮೈಯಿಂದ ಬಂದಿದ್ದು. ಅಂಥದ್ದನ್ನ ಬಾಯಲ್ಲಿ ಆಡ್ಬಾರ್ದು. ಹೆಸರಿಟ್ಟು ಕರೆದ್ರೆ ಅದರ ಶಕ್ತಿ ಹೋಗತ್ತೆ."

"ಅದು ಶಕ್ತಿಯಲ್ಲ ಮಾಮ, ಪಿಂಗಾಣಿ. ನಮ್ಮೂರ ಗೂಡಲ್ಲಿ ಸುಟ್ಟಿದ್ದು."

"ಇರ್ಬಹುದು. ಶಕ್ತಿ ಇರೋದು ಎಲ್ಲಾದ್ರೂ ಹುಟ್ಟಲೇಬೇಕಲ್ಲ."

"ಕೊಡಿ ಅದನ್ನ."

"ನನ್ನ ಹತ್ರ ಇಲ್ಲ."

"ಯಾರಿಗೆ ಮಾರಿದ್ರಿ?"

ಮುದುಕನಿಗೆ ಸಿಟ್ಟು ಬಂತು. "ನೋಡಮ್ಮ, ಸತ್ತೋರ ಮೈಮೇಲಿಂದ ಒಂದು ದಾರ ಮಾರಿದೋನಲ್ಲ ನಾನು. ಕೇಳೋ ರೀತೀಲಿ ಬಂದು ಕೇಳಿದ್ರು. ಕೊಟ್ಟೆ. ಯಾರಿಗೂ ಹೇಳಲ್ಲ ಅಂತ ಮಾತೂ ಕೊಟ್ಟೆ. ನೀವು ಸ್ಟೇಷನ್ನಿಗೆ ಎಳ್ಕೊಂಡು ಹೋದ್ರೂ ಅಷ್ಟೇ."

ಎಳೆದುಕೊಂಡು ಹೋಗುವುದು ಸುಲಭ. ನಾಳೆ ಇವನು ಬಾಯಿ ಬಿಡುವಷ್ಟರಲ್ಲಿ ಚೊಂಪುವಿನ ಕಾಲಿಗೆ ಹೊಲಿಗೆ ಬಿದ್ದಿರುತ್ತದೆ. ವನ್‌ಪೆನ್ ಟೋಪಿ ತೆಗೆದು ಅವನೆದುರು ನೆಲದ ಮೇಲೇ ಕೂತಳು.

"ಮಾಮ, ಚೊಂಪು ಗೊತ್ತಲ್ಲ ನಿಮಗೆ. ಸೈಬುವಾ ಮಗಳು."

"ಚೆಂಡು ಒದೀತಾಳಲ್ಲ, ಆ ಹುಡುಗಿನಾ? ನಮ್ಮ ಅಂಗಳದಲ್ಲೇ ಆಡಿ ಬೆಳೆದೋಳು. ಎರಡು ಹೆಂಚು ಒಡೆದಿದಾಳೆ."

"ನಾಳೆ ಅವಳ ಕಾಲಿಗೆ ಇಂಥದ್ದೇ ತುಂಡು ಹಾಕ್ತಾರೆ. ಅದು ಸರಿಯಾದ್ದೋ ಅಲ್ವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹಾಕಿಸಿದ್ರೆ ಅವಳನ್ನೂ ನಿಮ್ಮ ಹತ್ರಕ್ಕೇ ತರ್ಬೇಕಾಗತ್ತೆ. ಅವಳ ಬೂದಿ ಮೇಲೂ ನೀವು ಅಯಸ್ಕಾಂತ ಆಡಿಸ್ತೀರಾ?"

ಮುದುಕ ಅನ್ನದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಆಚಾನಮ್ಮ," ಎಂದ ಕೊನೆಗೆ.

"ಯಾವ ಆಚಾನಮ್ಮ?"

"ಲಮ್‌ದುವನ್. ಕರಿ ಮೂಳೆಯೋರು ಯಾರು ಸತ್ರೂ ಬರ್ತಾರೆ. ತಟ್ಟೇಲಿ ಹೂವು, ಮೇಣದ ಬತ್ತಿ ಇಟ್ಕೊಂಡು ಬಂದು ಬೂದಿ ಮುಂದೆ ಮಂಡಿ ಊರ್ತಾರೆ. 'ನಿಮ್ಮದಾಗಿದ್ದು ಇನ್ನೊಬ್ರಿಗೆ ಬೇಕಾಗಿದೆ, ಕೊಡಿ' ಅಂತ ಸತ್ತೋರನ್ನೇ ಕೇಳ್ತಾರೆ. ಹಾಗೆ ಕೇಳಿದ್ಮೇಲೆ ಇಲ್ಲ ಅನ್ನೋಕೆ ನಾನ್ಯಾರು? ಇಂತೋನ್ ಮೇಷ್ಟ್ರಿಗೆ ಲಾರಿ ಗುದ್ದಿ ಹೋದ್ರಲ್ಲ, ಆಗಲೂ ಬಂದಿದ್ರು. ಇವತ್ತೂ ಬೆಳಕು ಹರಿಯೋ ಹೊತ್ತಿಗೆ ಬಂದು ಖಾಮ್‌ಪುನ್‌ದು ತಗೊಂಡು ಹೋದ್ರು."

ಇನ್ನೊಬ್ಬರಿಗೆ ಬೇಕಾಗಿದೆ. ಸತ್ತವರ ಬೂದಿಯಿಂದ ತೆಗೆದ ತುಂಡು ಬದುಕಿರುವವರ ಕಾಲಿಗೆ ಹೋಗುತ್ತಿತ್ತು. ತಾನು ಎದುರಿಗೆ ನಿಂತು ಪ್ರಶ್ನೆ ಕೇಳುತ್ತಿದ್ದಾಗ ಆ ಹೆಂಗಸು 'ಹಾಕಿದ್ರೆ ಇರಲೇಬೇಕಿತ್ತು' ಎಂದು ತಣ್ಣಗೆ ಹೇಳಿದ್ದರು.

ಆಚಾನ್‌ರ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅಕ್ಕ ಎತ್ತಲಿಲ್ಲ. ವಾರ್ಡಿನ ದಾದಿ ಎತ್ತಿದಳು.

"ಚೊಂಪುನಾ ಮೇಡಂ? ಆಪರೇಷನ್‌ಗೆ ಕರ್ಕೊಂಡು ಹೋಗಿ ಆಯ್ತಲ್ಲ. ನಿಮಗೆ ಹೇಳ್ಲಿಲ್ವಾ?"

* * *

ಆಪರೇಷನ್ ಕೋಣೆಯ ಮುಂದಿನ ಓಣಿಯಲ್ಲಿ ನೀಲಿ ಕುರ್ಚಿಗಳ ಸಾಲು. ಒಂದು ತುದಿಯಲ್ಲಿ ಸೈಬುವಾ ಕೂತಿದ್ದಳು, ಮಗಳ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು. ಇನ್ನೊಂದು ತುದಿಯಲ್ಲಿ, ಮಡಿಲಲ್ಲಿ ಬಟ್ಟೆಚೀಲ ಹಿಡಿದು, ಆಚಾನ್ ಲಮ್‌ದುವನ್.

"ನಾಳೆ ಅಲ್ವಾ ಅಕ್ಕ?" ಮೆಟ್ಟಿಲು ಹತ್ತಿ ಬಂದ ವನ್‌ಪೆನ್‌ಗೆ ಏದುಸಿರು.

"ನಾನೇ ಡಾಕ್ಟ್ರ ಕಾಲಿಗೆ ಬಿದ್ದೆ, ಇವತ್ತೇ ಮಾಡಿ ಅಂತ. ನಾಳೆ ತನಕ ಬಿಟ್ರೆ ನೀನು ಯಾವುದಾದ್ರೂ ಆರ್ಡರ್ ತಂದು ನಿಲ್ಲಿಸ್ತೀಯ ಅಂತ ಗೊತ್ತಿತ್ತು."

ತನ್ನ ಬೆಳಗಿನ ಫೋನೇ ಇದನ್ನು ಮುಂದಕ್ಕೆ ಹಾಕುವ ಬದಲು ಇವತ್ತಿಗೇ ಎಳೆದು ತಂದಿತ್ತು. ವನ್‌ಪೆನ್‌ಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೋಷ ಬಂತು. ಅವಳು ಅಕ್ಕನನ್ನು ಬಿಟ್ಟು ಆಚಾನ್ ಹತ್ತಿರ ಹೋದಳು.

"ಒಳಗೆ ಯಾರ ತುಂಡು ಕೊಟ್ಟಿದ್ದೀರಿ?"

ಆಚಾನ್ ತಲೆ ಎತ್ತಿದರು. "ಪನ್ ಹೇಳಿದ್ನಾ?"

"ನಾನು ಕೇಳಿದ್ದಕ್ಕೆ ಉತ್ತರ ಹೇಳಿ."

"ಇಂತೋನ್ ಮೇಷ್ಟ್ರದ್ದು."

"ಸತ್ತವರದ್ದು."

"ಕೂಗಾಡ್ಬೇಡಿ. ಕೂತ್ಕೊಳ್ಳಿ."

"ಕೂರಲ್ಲ. ಡಾಕ್ಟ್ರಿಗೆ ಗೊತ್ತಾ ಇದು?"

"ಇಲ್ಲ. ಪ್ರತಿ ಸಲ ಹೊಸದಾಗಿ ಸುಟ್ಟು ಕೊಡ್ತೀನಿ ಅಂತಲೇ ಪಾಸಕೊನ್ ನಂಬಿದ್ದಾರೆ."

"ಹೊಸದಾಗಿ ಸುಡೋಕೆ ನಿಮಗೇನು ಕಷ್ಟ? ಗೂಡಿದೆ, ಮಣ್ಣಿದೆ."

ಆಚಾನ್ ನಕ್ಕರು. ಅಷ್ಟು ಸುಸ್ತಾದ ನಗುವನ್ನು ವನ್‌ಪೆನ್ ಹೆರಿಗೆ ವಾರ್ಡಿನ ಹೊರಗೆ ಮಾತ್ರ ನೋಡಿದ್ದಳು.

"ಬಟ್ಟಲು ಸುಡೋರನ್ನ ಕೇಳಿ. ಒಂದು ಗೂಡಿನ ಹಾಗೆ ಇನ್ನೊಂದು ಬರಲ್ಲ. ಮೊದಲನೇ ಸಲ ಸುಡುವಾಗ ನಡುವೆ ಕರೆಂಟು ಹೋಯ್ತು. ಗೂಡು ತಣ್ಣಗಾಗ್ತಾ ಬಂತು, ಮತ್ತೆ ಕಾಯ್ತು. ಹಾಳಾಯ್ತು ಅಂತ ಎಸೆಯೋಕೆ ಹೋಗಿ, ಯಾಕೋ ಯಂತ್ರಕ್ಕಿಟ್ಟು ನೋಡಿದೆ. ಬಿಸಿಯಾಯ್ತು. ಸರಿಯಾಗಿ ಕ್ಯಾನ್ಸರ್ ಸಾಯೋಷ್ಟು, ಮಾಂಸ ಬೇಯದಷ್ಟು. ಆಮೇಲೆ ನಾನಾಗಿ ಕರೆಂಟು ತೆಗೆದು ನೋಡಿದೆ, ಕಟ್ಟಿಗೆ ಹಾಕಿ ನೋಡಿದೆ, ಗೂಡಿನ ದೇವರಿಗೆ ಹಂದಿ ತಲೆ ಇಟ್ಟು ಸುಟ್ಟೆ. ನೋಡೋಕೆ ಅದೇ ಕಪ್ಪು, ಅಯಸ್ಕಾಂತಕ್ಕೂ ಅಂಟತ್ತೆ. ಆದ್ರೆ ಬಿಸಿ ಆಗಲ್ಲ. ಒಂದೂ ಆಗ್ಲಿಲ್ಲ ವನ್‌ಪೆನ್."

"ಖಾಮ್‌ಪುನ್‌ಗೆ ಹಾಕಿದ್ದು?"

"ಹೊಸದು." ಆಚಾನ್‌ರ ದನಿ ಇಳಿಯಿತು. "ಮೊದಲನೇ ಗೂಡಿನದು ಕೈಲಿ ಇರ್ಲಿಲ್ಲ. ಸ್ವಲ್ಪನಾದ್ರೂ ಬಿಸಿ ಆದೀತು ಅಂತ ಕೊಟ್ಟೆ. ಆಗ್ಲಿಲ್ಲ. ಅವಳನ್ನ ನಾನೇ ಕೊಂದ ಹಾಗೆ, ಅದನ್ನ ನೀವು 'ಬರೆದುಕೊಡಿ' ಅಂದ್ರೂ ಬರೆದುಕೊಡ್ತೀನಿ. ಆದ್ರೆ ಈ ಹುಡುಗಿಗೆ ಹಾಗಾಗ್ಬಾರ್ದು ಅಂತ್ಲೇ ಮೇಷ್ಟ್ರದ್ದನ್ನ ಎತ್ತಿಟ್ಟಿದ್ದೆ. ತೊಳೆದು, ಮತ್ತೆ ಗೂಡಲ್ಲಿ ಸುಟ್ಟು, ಯಂತ್ರದಲ್ಲಿ ಪರೀಕ್ಷೆ ಮಾಡಿ ಇಟ್ಟಿದ್ದೆ. ಮೇಷ್ಟ್ರು ಕ್ಯಾನ್ಸರಿಂದ ಸಾಯ್ಲಿಲ್ಲ. ಅದೇ ಕಾಲಲ್ಲಿ ಸೈಕಲ್ ತುಳೀತಾ ಇದ್ದೋರು."

ಹಿಂದಿನಿಂದ ಚಪ್ಪಲಿ ನೆಲಕ್ಕೆ ಬಿದ್ದ ಸದ್ದಾಯಿತು. ಸೈಬುವಾ ಎದ್ದು ನಿಂತಿದ್ದಳು.

"ಏನದು ಇವರು ಹೇಳ್ತಿರೋದು? ನನ್ನ ಮಗಳಿಗೆ ಸತ್ತೋರ ಮೂಳೆ ಹಾಕ್ತಿದಾರಾ?"

ಸೈಬುವಾ ಬಾಗಿಲಿನ ಕಡೆ ನುಗ್ಗಿದಳು. ವನ್‌ಪೆನ್ ಅವಳ ತೋಳು ಹಿಡಿದಳು. ಬೆಳಗಿನಿಂದ ನಿಲ್ಲಿಸು ನಿಲ್ಲಿಸು ಎಂದು ಬಡಿದುಕೊಂಡವಳು ಈಗ ನಿಲ್ಲಿಸಲು ಹೋದವಳನ್ನೇ ತಡೆದಿದ್ದಳು.

"ಬಿಡು ಪೆನ್. ಆ ದೆವ್ವದ್ದು ಬೇಡ ಅವಳಿಗೆ."

"ಅಕ್ಕ, ಮೂಳೆ ಆಗ್ಲೇ ಕತ್ತರಿಸಿರ್ತಾರೆ. ಅಲ್ಲಿ ಏನಾದ್ರೂ ಇಡಲೇಬೇಕು. ಇಡದಿದ್ರೆ ಕಾಲಿಲ್ಲ. ಇಂತೋನ್ ಮೇಷ್ಟ್ರು ಚೊಂಪುಗೆ ಅಕ್ಷರ ಕಲಿಸಿದೋರು. ಅವರು ಅವಳಿಗೆ ಏನೂ ಮಾಡಲ್ಲ."

ತಾನು ಏನು ಹೇಳುತ್ತಿದ್ದೇನೆ ಎಂದು ಅವಳಿಗೇ ಆಶ್ಚರ್ಯವಾಯಿತು. ಆದರೆ ಆ ಮಾತಿಗೆ ಸೈಬುವಾಳ ಮೈಯ ಬಿಗಿ ಸಡಿಲವಾಯಿತು. ಅವಳು ತಂಗಿಯ ಹೆಗಲಿಗೆ ಹಣೆಯಿಟ್ಟು ಅತ್ತಳು. ವನ್‌ಪೆನ್‌ಗೆ ಎಷ್ಟೋ ದಿನದ ಮೇಲೆ ಮೊದಲ ಸಲ ಉಸಿರಾಡಿದಂತಾಯಿತು. ಅಸಲಿ ತುಂಡು, ಪರೀಕ್ಷೆಯಾದ ತುಂಡು. ಆಚಾನ್ ಮೇಲೆ ಹಾಕಬೇಕಾದ ಕೇಸು ನಾಳೆ ಹಾಕಿದರಾಯಿತು. ಚೊಂಪು ಆಡುತ್ತಾಳೆ.

"ಖಾಮ್‌ಪುನ್‌ದು ಕೆಲಸಕ್ಕೆ ಬಾರದ್ದು ಅಂದ್ರಲ್ಲ," ಎಂದಳು ಆಚಾನ್ ಕಡೆ ತಿರುಗಿ. "ಮತ್ತೆ ಇವತ್ತು ಬೆಳಿಗ್ಗೆ ಅದನ್ನ ಯಾಕೆ ತಗೊಂಡು ಹೋದ್ರಿ?"

"ಒಡೆದು ನೋಡ್ಬೇಕಿತ್ತು. ಎಲ್ಲಿ ತಪ್ಪಾಯ್ತು ಅಂತ. ಹಾಗೇ ತಂದು ಮೇಜಿನ ಮೇಲಿಟ್ಟಿದ್ದೆ, ಇನ್ನೂ ತೊಳೆದೂ ಇರ್ಲಿಲ್ಲ. ಮೇಷ್ಟ್ರದ್ದನ್ನೂ ಇಲ್ಲಿಗೆ ತರೋಕೆ ಅಂತ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ನೀವು ನುಗ್ಗಿದ್ರಿ. ನಿಮ್ಮ ಕಾರಿನ ಸದ್ದು ಕೇಳಿ ಎರಡನ್ನೂ ಈ ಚೀಲಕ್ಕೆ ಹಾಕ್ಕೊಂಡೆ."

"ಎರಡನ್ನೂ?"

"ಬೇರೆ ಬೇರೆ ಜೇಬಲ್ಲಿ. ನೀವು ಹೋದ ಮೇಲೆ ಪಾಸಕೊನ್ ಫೋನು ಬಂತು, ಇವತ್ತೇ ಬೇಕು ಅಂತ. ಓಡಿ ಬಂದು ತೆಗೆದು ಕೊಟ್ಟೆ. ಸ್ಟೆರಿಲೈಸ್ ಮಾಡೋ ಕೋಣೆಗೆ ಹಾಗೇ ಒಯ್ದ್ರು."

"ಬಲಗಡೆ ಜೇಬಿಂದಾ, ಎಡಗಡೆಯದಾ?"

"ಬಲ..." ಎಂದು ಶುರು ಮಾಡಿದ ಆಚಾನ್ ಚೀಲವನ್ನು ನೋಡಿದರು. ಅದನ್ನು ಒಮ್ಮೆ ತಿರುಗಿಸಿದರು. ಮತ್ತೆ ತಿರುಗಿಸಿದರು. ಬಟ್ಟೆಚೀಲಕ್ಕೆ ಹಿಂದು ಮುಂದು ಎಂಬುದಿರಲಿಲ್ಲ.

ವನ್‌ಪೆನ್ ಚೀಲ ಕಿತ್ತುಕೊಂಡು ಒಳಗೆ ಕೈ ಹಾಕಿದಳು. ಉಳಿದಿದ್ದ ಕಪ್ಪು ತುಂಡು ಸಿಕ್ಕಿತು. ಬೆಳಿಗ್ಗೆ ತಾನೇ ಬೂದಿಯಿಂದ ಎತ್ತಿದ್ದಾದರೆ, ತೊಳೆಯದ್ದಾದರೆ, ಅದರ ತೂತು ತೂತಿನಲ್ಲೂ ಖಾಮ್‌ಪುನ್‌ಳ ಬೂದಿ ತುಂಬಿರಬೇಕು. ಅವಳು ತುಂಡನ್ನು ಅಂಗೈಗೆ ಕುಟ್ಟಿದಳು. ಇನ್ನೊಮ್ಮೆ ಜೋರಾಗಿ ಕುಟ್ಟಿದಳು.

ಅಂಗೈಯಲ್ಲಿ ಒಂದು ಕಣ ಬೂದಿಯೂ ಬೀಳಲಿಲ್ಲ.

ಆಚಾನ್ ಲಮ್‌ದುವನ್ ಆ ಅಂಗೈಯನ್ನೇ ನೋಡುತ್ತಿದ್ದರು. "ಇದು ಮೇಷ್ಟ್ರದ್ದು," ಎಂದರು.

ಬಾಗಿಲು ತೆರೆಯಿತು. ಹಸಿರು ಗೌನಿನ ದಾದಿ ಮುಖದ ಮೇಲಿನ ಬಟ್ಟೆ ಕೆಳಗೆ ಸರಿಸಿ, ಸೈಬುವಾಳನ್ನು ನೋಡಿ ನಕ್ಕಳು.

"ಎಲ್ಲ ಮುಗೀತು ಅಮ್ಮ. ತುಂಡು ತುಂಬ ಚೆನ್ನಾಗಿ ಕೂತಿದೆ. ಡಾಕ್ಟ್ರು ಹೊಲಿಗೆ ಹಾಕ್ತಿದಾರೆ."